ಬ್ಯಾಟರಿಗೂ ಸೋಮವಾರ

ಗ್ಯಾನಮ್ಮ ಬ್ಯಾಟರಿಗೆ ವಿಭೂತಿ ಹಚ್ಚುತ್ತಿದ್ದಳು. ಮೆಟ್ಟಿಲ ಕೆಳಗೆ ಗೋಡೆಗೆ ಒರಗಿ ನಿಂತ ಆ ಬಿಳಿ ಪೆಟ್ಟಿಗೆಗೆ ಹಣೆ ಇದೆ ಎಂಬಂತೆ, ಮೇಲ್ಭಾಗವನ್ನು ಸರಿಯಾಗಿ ಹುಡುಕಿ, ಮೂರು ಬೆರಳಿಂದ ಅಡ್ಡಗೆರೆ ಎಳೆದು, ಒಂದು ಕಣಗಿಲೆ ಹೂವನ್ನು ತಂತಿಯ ಸಂದಿಗೆ ಸಿಕ್ಕಿಸಿದಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಶಿವಕುಮಾರಿ ಅದನ್ನು ನೋಡುತ್ತಿದ್ದಳು, ಅಥವಾ ನೋಡುವಂತೆ ನಿಂತಿದ್ದಳು. ಹೋದ ವಾರದ ವಿಭೂತಿಯನ್ನು ಒಣಬಟ್ಟೆಯಿಂದ ಒರೆಸಿ ತೆಗೆದದ್ದು ಅವಳೇ. ಹೊಸದನ್ನು ಹಚ್ಚುವಾಗ ಮಾತ್ರ ಅವಳು ಅಲ್ಲಿರಬಾರದು. ಯಾರೂ ಬಾಯಿಬಿಟ್ಟು ಹಾಗೆಂದಿಲ್ಲ. ಅತ್ತೆ ವಿಭೂತಿಯ ಬಟ್ಟಲನ್ನು ಎಡಗೈಯಿಂದ ಬಲಗೈಗೆ, ಅವಳಿಂದ ದೂರದ ಕೈಗೆ, ಬದಲಿಸಿಕೊಂಡಳು, ಅಷ್ಟೇ ಸಾಕಾಗಿತ್ತು. ಗಂಡ ಸತ್ತವಳ ನೆರಳು ಬಿದ್ದರೆ ಲಿಥಿಯಮ್ಮಿಗೆ ಏನಾಗುತ್ತದೆ ಎಂದು ಕೇಳಬೇಕೆನಿಸಿ, ಕೇಳುವಷ್ಟು ಆಸಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಮಾವ ಆದಪ್ಪ ಎತ್ತುಗಳನ್ನು ಮಾರಿ, ಬಳಗಾನೂರಿನ ಹೊಲವನ್ನು ಪಾಲಿಗೆ ಹಾಕಿ ಸಿಂಧನೂರಿಗೆ ಬಂದು, ರೈಸ್ ಮಿಲ್ಲಿನಲ್ಲಿ ಹೊಟ್ಟಿನ ಧೂಳು ಕುಡಿದು ಎದೆ ಕೆಡಿಸಿಕೊಂಡ ಮೇಲೂ ಆ ನೇಮ ಮಾತ್ರ ಅವನ ಬಳಿ ಉಳಿದಿತ್ತು. ಎತ್ತಿಲ್ಲದೆ ಮನೆಯಲ್ಲಿ ಸುಮ್ಮನೆ ಅಲೆಯುತ್ತಿದ್ದ ಆ ನೇಮ, ಶಿವಕುಮಾರಿಯ ಗಂಡ ವಿರೇಶ ಬ್ಯಾಟರಿ ತಂದು ನಿಲ್ಲಿಸಿದ ದಿನ ಹೋಗಿ ಅದರ ಮೇಲೆ ಕೂತಿತು. ತಪ್ಪು ವಿರೇಶನದೇ. ಹೊಸ ಮೀಟರು ಬಂದು ಹೊತ್ತಿಗೊಂದು ದರ ಆದದ್ದನ್ನು ಅಪ್ಪನಿಗೆ ತಿಳಿಸಿ ಹೇಳಲು ಹೋಗಿ, "ರಾತ್ರಿ ಹತ್ತರ ಮ್ಯಾಲ ಕರೆಂಟ್ ಸೋವಿ ಅಪ್ಪಾ, ಆವಾಗ ಇದು ಮೇಯ್ತದ. ಸಂಜಿ ಆರರಿಂದ ಹತ್ತರ ತನಕ ತುಟ್ಟಿ, ಆವಾಗ ಇದು ದುಡಿತದ. ಲೈನ್ ಮುಟ್ಟಂಗೇ ಇಲ್ಲ" ಎಂದ. ಮೇಯುವುದು, ದುಡಿಯುವುದು. ಆದಪ್ಪ ಬ್ಯಾಟರಿಯ ಪಕ್ಕೆಯನ್ನು ಅಂಗೈಯಿಂದ ತಟ್ಟಿ ನೋಡಿ, "ಹಂಗಂದ್ರ ಸೋಮ್ವಾರ?" ಎಂದು ಕೇಳಿದ. ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. ವಿರೇಶ ನಗುನಗುತ್ತಲೇ ಫೋನು ತೆಗೆದು, ಸೋಮವಾರದ ಸಾಲಿಗೆ ಹೋಗಿ, ತುಂಬುವುದೂ ಇಲ್ಲ ಬಳಸುವುದೂ ಇಲ್ಲ ಎಂದು ಒತ್ತಿಬಿಟ್ಟ. ಡಿಪ್ಲೊಮಾ ಓದಿ ಲಿಂಗಸುಗೂರಿನಲ್ಲಿ ಇವನ್ನೇ ಮಾರುವ ಅಂಗಡಿ ನಡೆಸುತ್ತಿದ್ದವನು. ಶಿವಕುಮಾರಿ ಕಲಬುರಗಿಯಲ್ಲಿ ಸಮಾಜಶಾಸ್ತ್ರ ಓದುವಾಗ ಇಂಥದ್ದಕ್ಕೆ ಗೌರವದ ಒಂದು ಉದ್ದನೆಯ ಹೆಸರಿತ್ತು. ಮೇಷ್ಟರು ಅದನ್ನು ಕಣ್ಣು ಅರ್ಧ ಮುಚ್ಚಿ ಹೇಳುತ್ತಿದ್ದರು. ಆ ಮೇಷ್ಟರನ್ನು ಒಂದು ಸೋಮವಾರ ಸಂಜೆ ಈ ಮನೆಗೆ ಕರೆತಂದು ಕೂರಿಸಬೇಕು ಎಂದು ಶಿವಕುಮಾರಿಗೆ ಎಷ್ಟೋ ಸಲ ಅನಿಸಿದೆ. ಬ್ಯಾಟರಿ ತುಂಬಿ ತುಳುಕುತ್ತಿರುತ್ತದೆ, ಅದನ್ನು ಮುಟ್ಟುವಂತಿಲ್ಲ. ಲೈನಿನ ಕರೆಂಟು ತುಟ್ಟಿ, ಅದನ್ನೂ ಉರಿಸುವಂತಿಲ್ಲ. ಹಾಗಾಗಿ ಮನೆಮಂದಿಯೆಲ್ಲ ಲೈಟು ಆರಿಸಿಕೊಂಡು, ತುಂಬಿದ ಬ್ಯಾಟರಿಯ ಸುತ್ತ, ಕತ್ತಲಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿರುತ್ತಾರೆ. ಆದಪ್ಪನ ಮೂಗಿಗೆ ನಳಿಗೆ ಹಚ್ಚಿದ ಆಮ್ಲಜನಕದ ಮಷೀನೊಂದು ಮಾತ್ರ ಲೈನಿನ ಮೇಲೆ ಗುರುಗುಡುತ್ತಿರುತ್ತದೆ. ಲೈನು ಹೋದರೆ ಇರಲಿ ಎಂದು ಮಂಚದ ಕೆಳಗೆ ಒಂದು ಸಿಲಿಂಡರು. ಆ ಸಿಲಿಂಡರು ಶನಿವಾರ ಖಾಲಿಯಾಗಿ, ಮೈದುನ ಸಿದ್ದರಾಮೇಶ ಅದನ್ನು ತುಂಬಿಸಲು ಲಿಂಗಸುಗೂರಿಗೆ ಒಯ್ದಿದ್ದ.

ಅವನ ಫೋನು ಬಂದದ್ದು ಮಧ್ಯಾಹ್ನ. ಅಣ್ಣನ ಅಂಗಡಿಯನ್ನು ಈಗ ನಡೆಸುತ್ತಿರುವುದು ಅವನೇ. ಮಾತಿನಲ್ಲಿ ಅಣ್ಣನಿಗಿಂತ ಒಂದು ಹಿಡಿ ಸಕ್ಕರೆ ಹೆಚ್ಚು. "ಅತ್ತಿಗಿ, ಊಟ ಆತ್ರ್ಯಾ? ಸಿಲಿಂಡರ್ ತುಂಬ್ಸೀನಿ, ಗಾಡಿ ಸಿಕ್ಕಿಲ್ಲ, ನಾಳಿ ಪಕ್ಕಾ. ಮತ್ತ ಅದು... ಆ ಸೋಮ್ವಾರದ್ದು ತಗದುಬಿಡ್ರೆಲಾ. ಪ್ರತಿ ವಾರ ದಂಡ ಕಟ್ಟಿದಂಗಾತು. ನಿಮಗ ತಿಳಿವಲ್ದು ಅಂದ್ರ ಫೋನ್ ನನ್ನ ಕಡೆ ಕಳ್ಸಿಬಿಡ್ರಿ, ಇಲ್ಲಿಂದನೇ ನಾ ನೋಡ್ಕೊಂತೀನಿ." ಅವಳು ಹ್ಞೂಂ ಅಂದಳು. ಪ್ರತಿ ಸಲವೂ ಹ್ಞೂಂ ಅನ್ನುತ್ತಾಳೆ, ತೆಗೆಯುವುದಿಲ್ಲ. ಮಾವನ ಮೇಲಿನ ಭಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಒಬ್ಬ ಪೆದ್ದನ ಮಾತು ಕೇಳಿ ಇನ್ನೊಬ್ಬ ಪೆದ್ದನನ್ನು ತಿದ್ದುವ ಕೆಲಸ ತನ್ನದಲ್ಲ ಎನಿಸುತ್ತಿತ್ತು. ಬ್ಯಾಟರಿಯನ್ನು ನಡೆಸುವ ವಿರೇಶನ ಫೋನು ಮಾತ್ರ ಅವಳು ಯಾರಿಗೂ ಕೊಟ್ಟಿರಲಿಲ್ಲ. ಅದರಲ್ಲಿ ಅವಳಿಗೆ ಬೇಕಾದ ಒಂದು ಫೋಟೋ ಕೂಡ ಇರಲಿಲ್ಲ. ಆದರೂ ಮನೆಯ ಬ್ಯಾಟರಿ ಆಕಿ ಕೈಯಾಗೈತಿ ಎಂದು ಓಣಿಯಲ್ಲಿ ಮಾತಾಡುವಾಗ ಅವಳಿಗೆ ಒಂದು ಬಗೆಯ ಬೆಚ್ಚನೆ ಆಗುತ್ತಿತ್ತು, ಮರುಕ್ಷಣ ಆ ಬೆಚ್ಚನೆಯ ಮೇಲೇ ಹೇಸಿಗೆ.

ಇಲ್ಲಿಂದನೇ ನೋಡ್ಕೊಂತೀನಿ. ವಿರೇಶನೂ ಅಲ್ಲಿಂದಲೇ ನೋಡಿಕೊಳ್ಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳಿಗೆ ಅದು ಪ್ರೀತಿ ಎನಿಸಿತ್ತು ಎಂಬುದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಸಂಜೆ ಏಳರ ಹೊತ್ತಿಗೆ ಅವಳು ಸೀರೆಗೆ ಇಸ್ತ್ರಿ ಹಾಕುತ್ತಿದ್ದರೆ ಲಿಂಗಸುಗೂರಿನ ಅಂಗಡಿಯಲ್ಲಿ ಅವನ ಫೋನಿನಲ್ಲಿ ಒಂದು ಗೆರೆ ಜಿಗಿಯುತ್ತಿತ್ತು. ಫೋನು ಬರುತ್ತಿತ್ತು. "ಇಸ್ತ್ರಿ ಹಾಕಾಕತ್ತಿ ಏನು?" ಬೈಗುಳವಲ್ಲ, ಗಂಟಲಲ್ಲಿ ನಗುವಿರುತ್ತಿತ್ತು. "ಇಲ್ಲಲ್ಲ" ಎಂದು ಅವಳು ಪ್ಲಗ್ಗು ಕೀಳುತ್ತಿದ್ದಳು. "ಈಗ ಕಿತ್ತಿದಿ ನೋಡು" ಎಂದು ಅವನು ಇನ್ನೂ ಜೋರಾಗಿ ನಗುತ್ತಿದ್ದ. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಖಾಲಿ ಕೋಣೆಯಲ್ಲಿ, ಯಾರೂ ಇಲ್ಲದಿದ್ದರೂ ಅವಳು ಮುಖದ ಮೇಲೊಂದು ನಗು ತಂದುಕೊಂಡು ನಿಂತಿರುತ್ತಿದ್ದಳು. ಒಮ್ಮೆ ಗೋಡೆಗನ್ನಡಿಯಲ್ಲಿ ಆ ಮುಖ ಕಂಡಿತ್ತು. ಸಿಕ್ಕಿಬಿದ್ದ ಮೇಲೂ ಮೆಚ್ಚಿಸಲು ನೋಡುವ ಮುಖ. ಮಧ್ಯಾಹ್ನ ಅವಳು ಎಷ್ಟು ಹೊತ್ತು ಫ್ಯಾನಿನ ಕೆಳಗೆ ಮಲಗಿದಳು ಎಂಬುದೂ ಅವನಿಗೆ ಗೊತ್ತಾಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ, "ಇವತ್ತ ಒಳ್ಳೆ ನಿದ್ದಿ ಮಾಡೀಯಲ್ಲ" ಎನ್ನುತ್ತಿದ್ದ, ಎಲ್ಲರ ಎದುರಿಗೆ. ಒಂದು ರಾತ್ರಿ ಮಸ್ಕಿ ರಸ್ತೆಯಲ್ಲಿ, ಹಿಂದಿನ ದೀಪ ಇಲ್ಲದೆ ನಿಂತಿದ್ದ ಭತ್ತದ ಟ್ರ್ಯಾಕ್ಟರಿಗೆ ಅವನ ಬೈಕು ಹೋಗಿ ಹೊಡೆಯಿತು. ಹೆಣ ಬಂದ ದಿನ ಪಡಸಾಲೆ ತುಂಬ ಜನ. ಆರು ಗಂಟೆಗೆ ಮೆಟ್ಟಿಲ ಕೆಳಗೆ ಟಕ್ ಎಂದು ಸದ್ದಾಗಿ ಮನೆ ಲೈನಿನಿಂದ ಬ್ಯಾಟರಿಗೆ ಹೊರಳಿತು. ಅಳುತ್ತಿದ್ದವರಾರಿಗೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಅವನು ನೋಡುತ್ತಿದ್ದಾನೆ ಎಂದು ಅವಳು ತಲೆಯ ಸೆರಗು ಸರಿಮಾಡಿಕೊಂಡಳು. ಆಮೇಲಿನ ಇಷ್ಟು ತಿಂಗಳಲ್ಲಿ ಅವಳು ಅತ್ತದ್ದಕ್ಕಿಂತ, ಅಳದೇ ಇದ್ದದ್ದಕ್ಕಿಂತ, ಆ ಸೆರಗು ಸರಿಮಾಡಿಕೊಂಡದ್ದೇ ಅವಳಿಗೆ ನಾಚಿಕೆ ತರುತ್ತದೆ.

ಅಂದಿನಿಂದ ಆದಪ್ಪ ಅವಳೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದ. ಜಗಳವಿಲ್ಲ, ಬೈಗುಳವಿಲ್ಲ. ಅವಳು ಎದುರಿಗೇ ನಿಂತಿದ್ದರೂ ಅವನು ಹೆಂಡತಿಯ ಕಡೆ ಮುಖ ಮಾಡಿ, "ಆಕಿಗೆ ಹೇಳು, ಬಿಸಿನೀರು ಇಡಂತ" ಎನ್ನುತ್ತಿದ್ದ. ಗ್ಯಾನಮ್ಮ ಅದನ್ನೇ ಅಕ್ಷರ ತಪ್ಪದೆ ಮತ್ತೆ ಹೇಳುತ್ತಿದ್ದಳು, ಕಿವುಡಿಗೆ ಹೇಳುವಂತೆ. ಗ್ಯಾನಮ್ಮ ಇಲ್ಲದಾಗ ಅವನು ಬಾಗಿಲಿಗೆ, ಕಿಟಕಿಗೆ, ಹೊರಗೆ ಹೋಗುವ ಯಾವುದೋ ಮಗುವಿಗೆ ಹೇಳುತ್ತಿದ್ದ. ಮುದುಕನ ದುಃಖ ಎಂದು ಓಣಿ ತೀರ್ಮಾನಿಸಿತ್ತು. ದುಃಖಕ್ಕೆ ಇಷ್ಟು ನಿಖರವಾದ ವ್ಯಾಕರಣ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಊಟ ಮುಗಿಸಿ ಗ್ಯಾನಮ್ಮ ಮಸ್ಕಿಗೆ ಹೊರಟಳು, ತಂಗಿಯ ಮೊಮ್ಮಗನ ತೊಟ್ಟಿಲಿಗೆ. ಹೊಸ ಕುಪ್ಪಸ, ಕೈಚೀಲದಲ್ಲಿ ಕೊಬ್ಬರಿ ಬಟ್ಟಲು. "ನೀ ಬಂದ್ರೂ ಬರ್ಬೋದಿತ್ತು," ಎಂದಳು ಚಪ್ಪಲಿ ಮೆಟ್ಟುತ್ತ, "ಆದ್ರ ಮಂದಿ ಬಾಯಿ ಹಿಡಿಯಾಕ ಆಗಂಗಿಲ್ಲ. ನಿನ್ನ ಸಲುವಾಗೇ ಹೇಳಾಕತ್ತೀನಿ." ತನ್ನ ಸಲುವಾಗಿ ಈ ಊರು ಎಷ್ಟೊಂದು ಕೆಲಸ ಮಾಡುತ್ತದೆ. ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ರಾಜಾಬೀ ಗೋಡೆಯ ಮೇಲೆ ಗದ್ದ ಊರಿ ಎಲ್ಲವನ್ನೂ ನೋಡುತ್ತಿದ್ದಳು. ಗ್ಯಾನಮ್ಮ ತಿರುವಿನಲ್ಲಿ ಮರೆಯಾದಕೂಡಲೇ, "ಏನ್ ಬೇ ಶಿವಕುಮಾರಿ," ಎಂದಳು, "ಇವತ್ತ ನಿಮ್ಮ ಎತ್ತಿಗೆ ಸೂಟಿ ಅಲಾ? ನಮ್ಮ ಮನ್ಯಾಗ ಫ್ರಿಜ್ ಐತಿ, ಅದಕ್ಕ ಶುಕ್ರವಾರ ನಮಾಜಿಗೆ ಕಳಸ್ಲ್ಯಾ ಅಂತ ಮಾಡೀನಿ." ತಾನೇ ನಕ್ಕಳು, ಹಲ್ಲಿನ ಸಂದಿಯಲ್ಲಿ ಅಡಿಕೆ ಕಾಣುವಂತೆ. ಶಿವಕುಮಾರಿಗೂ ನಗು ಬಂತು, ಅದು ಬಾಯಿಯವರೆಗೆ ಬರುವ ಮುಂಚೆ ಒಳಗಿನಿಂದ ಆದಪ್ಪನ ಕೆಮ್ಮು ಕೇಳಿಸಿತು. ಅವನಿಗೆ ಕೇಳಿಸಿದೆ. ಕೇಳಿಸಲಿ.

ಗಾಳಿ ಎದ್ದದ್ದು ಹೊತ್ತು ಮುಳುಗುವಾಗ. ಅತ್ತೆ ಇಲ್ಲವೆಂದು ಆರು ಗಂಟೆ ದಾಟಿದರೂ ಅವಳು ಲೈಟು ಫ್ಯಾನು ಆರಿಸಿರಲಿಲ್ಲ. ಮಧ್ಯಾಹ್ನವೆಲ್ಲ ಉಸಿರು ಬಿಗಿಹಿಡಿದಿದ್ದ ಬಿಸಿಲು ಒಮ್ಮೆಲೇ ಕೆಂಪು ಧೂಳಾಗಿ ನಿಂತು, ರೈಸ್ ಮಿಲ್ಲುಗಳ ಕಡೆಯಿಂದ ಹೊಟ್ಟನ್ನೂ ಕಾಗದವನ್ನೂ ಎತ್ತಿಕೊಂಡು ಬಂತು. ಎಲ್ಲೋ ತಗಡು ಹಾರಿ ಬಿದ್ದ ಸದ್ದು. ನಾಲ್ಕು ದಪ್ಪ ಹನಿ. ಅವಳು ಕಿಟಕಿ ಮುಚ್ಚುತ್ತಿದ್ದಾಗ ಬೀದಿಯ ಕಂಬದಲ್ಲಿ ನೀಲಿ ಬೆಳಕು ಚಿಟಿಲ್ ಎಂದು, ಫ್ಯಾನು ನಿಧಾನವಾಗತೊಡಗಿತು. ಒಳಗೆ ಮಷೀನು ಗುರುಗುಡುವುದನ್ನು ಬಿಟ್ಟು ಒಂದೇ ಸಮನೆ ಕೂಗತೊಡಗಿತು. ಲೈನು ಹೋದರೆ ಅದು ಹಾಗೆ ಕೂಗುತ್ತದೆ, ಯಾರಾದರೂ ಬಂದು ಗುಂಡಿ ಒತ್ತಿ ಬಾಯಿ ಮುಚ್ಚಿಸುವವರೆಗೆ. ಅವಳು ಹೋಗಿ ಒತ್ತಿದಳು. ಆದಪ್ಪ ಮಂಚದ ಅಂಚಿಗೆ ಬಂದು, ಎರಡೂ ಅಂಗೈ ಮೊಣಕಾಲ ಮೇಲೆ ಊರಿ, ಮುಂದಕ್ಕೆ ಬಾಗಿ ಕೂತ. ಮೂಗಿನ ನಳಿಗೆಯಲ್ಲಿ ಏನೂ ಬರುತ್ತಿಲ್ಲ, ಆದರೂ ಅದನ್ನು ತೆಗೆಯಲಿಲ್ಲ.

ಅವಳು ಅಡುಗೆಮನೆಯ ಹಲಗೆಯಿಂದ ವಿರೇಶನ ಫೋನು ತಂದಳು. ಸೋಮವಾರದ ಸಾಲು ಬೂದುಬಣ್ಣದಲ್ಲಿ ಮಲಗಿತ್ತು. ಬ್ಯಾಟರಿ ಅಂಚಿನವರೆಗೆ ಹಸಿರು. "ಮಾವ, ಬ್ಯಾಟ್ರಿ ಹಚ್ಚಲ್ಯಾ?" ಆದಪ್ಪ ಅವಳನ್ನು ನೋಡದೆ, ಗೋಡೆಯನ್ನು ನೋಡಿ, ಒಂದು ಬೆರಳೆತ್ತಿ ಅಲ್ಲಾಡಿಸಿದ. "ಸೋಮ್ವಾರ" ಎಂದ. ಆ ಒಂದು ಮಾತಿಗೆ ಎರಡು ಉಸಿರು ಬೇಕಾದವು. ಅವಳು ಸಿದ್ದರಾಮೇಶನಿಗೆ ಫೋನು ಮಾಡಿದಳು. "ಅಯ್ಯ, ಬ್ಯಾಟ್ರಿ ಫುಲ್ ಐತಲ್ರಿ ಅತ್ತಿಗಿ, ಹಚ್ಚಿಬಿಡ್ರಿ! ಅವಂಗೇನ್ ತಿಳಿತದ! ಸಾಯ್ತಾನಾ ಹಂಗ? ಹಚ್ರಿ ಹಚ್ರಿ. ಹಲೋ... ಅತ್ತಿಗಿ, ಕೇಳಾಕತ್ತೀರಾ? ಲೈನ್ ಬಂದಕೂಡ್ಲೆ ಅದು ಚಾರ್ಜ್ ಎಳಕೊಂತದ ನೋಡ್ರಿ, ಹತ್ತರ ಒಳಗ ಎಳಿಗೊಡಬ್ಯಾಡ್ರಿ, ತುಟ್ಟಿ ರೇಟ್ ಐತಿ." ಅವಳು ಫೋನು ಕೆಳಗಿಳಿಸಿದಳು. ಅಪ್ಪನ ಉಸಿರಿಗೂ ದರದ ಹೊತ್ತಿಗೂ ಅವನ ದನಿಯಲ್ಲಿ ಒಂದೇ ಅವಸರ ಇತ್ತು. ಅಣ್ಣ ತಮ್ಮ ಇಬ್ಬರೂ ಒಬ್ಬನೇ ಅಪ್ಪನ ಮಕ್ಕಳು.

ಹೆಬ್ಬೆರಳ ಕೆಲಸ, ಇನ್ನೇನಿಲ್ಲ. ಒಂದು ಸಲ ಒತ್ತಿ, ನಿಜವೇ ಎಂದು ಅದು ಕೇಳಿದಾಗ ಇನ್ನೊಂದು ಸಲ ಒತ್ತಬೇಕು. ಅವಳು ಒತ್ತಲಿಲ್ಲ. ಆದಪ್ಪನ ಬೆನ್ನು ಅಂಗಿಯೊಳಗೆ ಏರಿಳಿಯುವುದನ್ನು, ಕೊರಳ ಗುಳಿ ಒಳಕ್ಕೆ ಎಳೆದುಕೊಳ್ಳುವುದನ್ನು ನೋಡುತ್ತ ನಿಂತಳು. ಒಂದು ಗಳಿಗೆ ಅವಳಿಗೆ ಅವನ ಮೇಲೆ ಮೆಚ್ಚುಗೆಯಂಥದ್ದೇ ಮೂಡಿತು. ನಂಬಿದ್ದಕ್ಕಾಗಿ ಉಸಿರನ್ನೇ ಬಿಟ್ಟುಕೊಡುವವನನ್ನು ಈ ಮನೆಯಲ್ಲಿ ಅವಳು ನೋಡಿರಲಿಲ್ಲ. ಆದರೆ ಅವನ ಕಣ್ಣು ಒಮ್ಮೆ ಸರ್ರನೆ ಬಂದು ಅವಳ ಕೈಯ ಫೋನನ್ನು ಮುಟ್ಟಿ ಮತ್ತೆ ಗೋಡೆಗೆ ಹೋಯಿತು. ಇದು ಬಸವಣ್ಣನಲ್ಲ. ಬಸವಣ್ಣನನ್ನು ಅವನು ಯಾವಾಗಲೋ ಬಿಟ್ಟುಕೊಟ್ಟಿದ್ದಾನೆ, ಬಿಟ್ಟುಕೊಡಲಾರದ್ದು ಬೇರೆಯದು. ಗಾಳಿಯನ್ನು ಅವಳ ಕೈಯಿಂದ ತೆಗೆದುಕೊಳ್ಳಬೇಕು, ಅದು ಅವನಿಗೆ ಆಗದು. ಹಾಗಿದ್ದರೆ ಉಸಿರೋ ಹಟವೋ, ಯಾವುದು ದೊಡ್ಡದು ಎಂದು ನೋಡಿಯೇ ಬಿಡಬೇಕು ಎಂದುಕೊಂಡಳು. ಹಾಗೆಂದುಕೊಂಡದ್ದು ತಾನೇ ಎಂದು ಅವಳಿಗೆ ಗೊತ್ತಿತ್ತು, ಚೆನ್ನಾಗಿ, ತಣ್ಣಗೆ ಗೊತ್ತಿತ್ತು. ಅವಳು ಒತ್ತಬಹುದಿತ್ತು. ಅವನು ಬೆರಳೆತ್ತಿದರೂ, ಬಯ್ದರೂ, ಒತ್ತಿ ಹೊರಗೆ ಹೋಗಿ ನಿಲ್ಲಬಹುದಿತ್ತು. ಒಂದು ಮಾತು ಬೇಕಿತ್ತು ಅವಳಿಗೆ. ಹೆಸರು ಹಿಡಿದು ಕರೆಯುವುದು ಕೂಡ ಬೇಡ, ತನ್ನ ಕಡೆ ತಿರುಗಿದ ಒಂದು ಮಾತು.

ಕಿಟಕಿಯ ಗಾಜಿನ ಮೇಲೆ ಧೂಳು ಮಳೆ ಸೇರಿ ಕೆಸರಾಗಿ ಇಳಿಯುತ್ತಿತ್ತು. ಆದಪ್ಪನ ತುಟಿ ನೇರಳೆ ಹಣ್ಣು ತಿಂದವನ ತುಟಿಯಂತೆ ಆಗಿತ್ತು. ಅವನ ಎಡಗೈ ಮೊಣಕಾಲು ಬಿಟ್ಟು ಗಾಳಿಯಲ್ಲಿ ಏನನ್ನೋ ಹುಡುಕಿತು.

"ಆಕಿಗೆ..." ಎಂದ, ಉಸಿರೆಳೆದುಕೊಂಡ. "ಆಕಿಗೆ ಹೇಳು... ಹಚ್ಚಂತ."

ಶಿವಕುಮಾರಿ ತಿರುಗಿ ನೋಡಿದಳು, ಹಿಂದೆ ಯಾರೋ ಬಂದು ನಿಂತಿದ್ದಾರೆ ಎಂಬಂತೆ. ಪಡಸಾಲೆ ಖಾಲಿ. ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು.

"ಯಾರಿಗೆ ಹೇಳ್ಲಿ ಮಾವ?" ಎಂದಳು. ಅವಳ ದನಿ ಬಹಳ ಮೃದುವಾಗಿತ್ತು. "ಇಲ್ಲಿ ಯಾರದಾರ?"

ಅವನು ತಲೆ ಎತ್ತಿದ. ಮಗ ಸತ್ತ ಮೇಲೆ ಮೊದಲ ಸಲ ಅವನ ಕಣ್ಣು ಬಂದು ಅವಳ ಮುಖದ ಮೇಲೆ ನಿಂತಿತು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಉಸಿರು ಬೇಕು.

"ನಿನಗ," ಎಂದ. "ನಿನಗ್ಹೇಳಾಕತ್ತೀನಿ. ಹಚ್ಚವ್ವಾ... ಶಿವಕುಮಾರಿ."

ಅವಳು ಒತ್ತಿದಳು. ನಿಜವೇ ಎಂದು ಅದು ಕೇಳಿತು. ಮತ್ತೆ ಒತ್ತಿದಳು. ಮೆಟ್ಟಿಲ ಕೆಳಗೆ ಟಕ್ ಎಂದಿತು, ಫ್ಯಾನು ತಿರುಗಿತು, ಮಷೀನು ಒಮ್ಮೆ ಕೂಗಿ ಗುರುಗುಡತೊಡಗಿತು. ಆದಪ್ಪ ನಳಿಗೆಯನ್ನು ಎರಡೂ ಕೈಯಿಂದ ಮೂಗಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ. ಅವಳು ಕಾಯುತ್ತಿದ್ದ ಗೆಲುವು ಎಲ್ಲಿಂದಲೂ ಬರಲಿಲ್ಲ. ಓಣಿಯೆಲ್ಲ ಕತ್ತಲು, ಇವರ ಮನೆಯೊಂದೇ ಮದುವೆ ಮನೆಯಂತೆ ಬೆಳಗುತ್ತಿತ್ತು. "ಏನ್ ಬೇ!" ಎಂದು ರಾಜಾಬೀ ಗೋಡೆಯಾಚೆಯಿಂದ ಕೂಗಿದಳು, "ಸೋಮ್ವಾರ ದಿನ ಹೂಡೇಬಿಟ್ರ್ಯಾ! ಹಂಗಾರ ನನ್ನ ಫೋನ್‌ದೊಂದಿಷ್ಟು ಚಾರ್ಜಿಗೆ ಹಾಕ್ರೆವ್ವಾ, ಪುಣ್ಯ ಬರ್ತದ." ಅವಳು ಒಂದೊಂದೇ ಲೈಟು ಆರಿಸುತ್ತ ಬಂದಳು. ಲೈನು ಯಾವಾಗ ಬರುತ್ತದೋ, ಇದ್ದದ್ದೆಲ್ಲ ಮಷೀನಿಗೆ ಉಳಿಯಬೇಕು. ಈ ವಿವೇಕವೂ ಅವಳಿಗೆ ಅಸಹ್ಯವಾಗಿ ಕಂಡಿತು. ಇಷ್ಟು ಹೊತ್ತು ಅದು ಎಲ್ಲಿತ್ತು?

ಗ್ಯಾನಮ್ಮ ಬಂದಾಗ ಸೆರಗೆಲ್ಲ ಒದ್ದೆ, ಕೈಚೀಲದಲ್ಲಿ ಗುಗ್ಗರಿಯ ಪೊಟ್ಟಣ. ಕತ್ತಲಲ್ಲಿ ತಡವರಿಸುತ್ತ ಒಳಗೆ ಬಂದವಳು ಮಷೀನಿನ ಸದ್ದು ಕೇಳಿ ನಿಂತಳು. "ಕರೆಂಟ್ ಐತೇನು? ಗಾಂಧಿ ಚೌಕಿನಿಂದ ಇಲ್ಲೀತನಕ ಒಂದು ದೀಪ ಇಲ್ಲ!"

"ಬಂದೈತಿ," ಎಂದ ಆದಪ್ಪ. ಈಗ ಅವನಿಗೆ ಮಾತಿಗೆ ಸಾಕಾಗುವಷ್ಟು ಉಸಿರಿತ್ತು. "ಆಗಲೇ ಬಂತು ಕರೆಂಟು. ನಮ್ಮ ಲೈನ್ ಬ್ಯಾರೆ." ಹೇಳುತ್ತ ಅವನು ಮಷೀನಿನ ಪುಟ್ಟ ಹಸಿರು ದೀಪದ ಬೆಳಕಿನಲ್ಲಿ ಶಿವಕುಮಾರಿಯ ಕಡೆ ನೋಡಿದ. ನೋಡಿ, ನಕ್ಕ. ಹಲ್ಲಿಲ್ಲದ ಬಾಯಿಯ ಒಂದು ಮೂಲೆಯನ್ನು ಮೇಲೆತ್ತಿ, ಹೇಳಬೇಡ ಎಂದು ಬೇಡುತ್ತ, ಸಿಕ್ಕಿಬಿದ್ದ ಮೇಲೂ ಮೆಚ್ಚಿಸಲು ನೋಡುತ್ತ. ಗೋಡೆಗನ್ನಡಿಯಲ್ಲಿ ಕಂಡಿದ್ದ ಆ ನಗು ಯಾರದೆಂದು ಅವಳಿಗೆ ಗೊತ್ತಿತ್ತು. ಅದರ ಎದುರು ತುದಿಯಲ್ಲಿ ಲಿಂಗಸುಗೂರಿನ ಅಂಗಡಿಯಲ್ಲಿ ಕೂತಿರುತ್ತಿದ್ದವನು ಯಾರೆಂದೂ ಗೊತ್ತಿತ್ತು. ಅವಳ ಕೈಯಲ್ಲಿ ಫೋನು ಇನ್ನೂ ಬೆಚ್ಚಗಿತ್ತು.

ಗ್ಯಾನಮ್ಮ ಸೀರೆ ಬದಲಿಸಲು ಕೋಣೆಗೆ ಹೋದಳು. ಆದಪ್ಪ ಕೆಮ್ಮಿದ, ಗಂಟಲು ಸರಿಮಾಡಿಕೊಂಡ.

"ಶಿವಕುಮಾರಿ," ಎಂದ, ನೇರವಾಗಿ ಅವಳಿಗೆ, ಮೆಲ್ಲಗೆ, ಅಪ್ಪಣೆ ಕೇಳುವವನಂತೆ. "ಒಂದೀಟು ನೀರ್ ಕೊಡ್ತೀ ಏನವ್ವಾ?"

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು, ಒಳಗಿನ ಕೋಣೆಗೆ ಕೇಳುವಂತೆ, ದನಿ ಎತ್ತಿ ಹೇಳಿದಳು:

"ಅತ್ತೀ, ಅವರಿಗೆ ನೀರು ಬೇಕಂತ, ನೋಡ್ರಿ."